ಗ್ರಾಮೀಣ ತ್ಯಾಜ್ಯನೀರಿನ ಸಂಸ್ಕರಣೆ

ಗ್ರಾಮೀಣ ತ್ಯಾಜ್ಯನೀರಿನ ಸಂಸ್ಕರಣೆ ಎಂದರೆ ಹಳ್ಳಿ, ಹಟ್ಟಿ, ತಾಂಡಾ ಮೊದಲಾದ ಸಣ್ಣ ಜನವಸತಿಗಳ ಮನೆ, ಶಾಲೆ, ಅಂಗನವಾಡಿ, ಹೋಟೆಲು ಮತ್ತು ಸಾರ್ವಜನಿಕ ನಲ್ಲಿಗಳಿಂದ ಹೊರಬೀಳುವ ಬಳಸಿದ ನೀರಿನಲ್ಲಿರುವ ಕಸರು, ಕೊಳೆಯುವ ಸಾವಯವ ವಸ್ತು ಮತ್ತು ರೋಗಕಾರಕ ಜೀವಿಗಳನ್ನು, ಆ ನೀರು ನೆಲಕ್ಕೆ ಇಂಗಲು, ಕೆರೆ ಹಳ್ಳಗಳನ್ನು ಸೇರಲು ಅಥವಾ ಗಿಡಗಳಿಗೆ ಹಾಯಲು ತಕ್ಕುದಾಗುವ ಮಟ್ಟಕ್ಕೆ ತಗ್ಗಿಸುವ ಕ್ರಮ. ಶೌಚಾಲಯದ ಗುಂಡಿ ಮತ್ತು ಟ್ಯಾಂಕುಗಳಲ್ಲಿ ಸೇರುವ ಮಲಕೆಸರಿನ ತೆರವು, ಸಾಗಣೆ ಮತ್ತು ವಿಲೇವಾರಿಯೂ ಇದರ ಭಾಗವೇ.

ನಗರಗಳಲ್ಲಿ ಎಲ್ಲ ಮನೆಗಳ ನೀರನ್ನೂ ಒಳಚರಂಡಿ ಕೊಳವೆಗಳ ಮೂಲಕ ಒಂದೆಡೆ ಕೂಡಿಸಿ ಯಂತ್ರಬಲದಿಂದ ಶುದ್ಧಗೊಳಿಸುವುದು ರೂಢಿ. ಹಳ್ಳಿಯಲ್ಲಿ ಮನೆಗಳ ಸಂಖ್ಯೆ ಕಡಿಮೆ, ನೀರಿನ ಹರಿವು ದಿನದ ಎರಡು ಹೊತ್ತಿಗೆ ಸೀಮಿತ, ವಿದ್ಯುತ್ ಪೂರೈಕೆ ಅನಿಶ್ಚಿತ, ಯಂತ್ರ ನಡೆಸಲು ತರಬೇತಿ ಪಡೆದ ಸಿಬ್ಬಂದಿ ಅಪರೂಪ. ಆದ್ದರಿಂದ ನೀರನ್ನು ಹುಟ್ಟಿದ ಜಾಗದಲ್ಲೇ ಅಥವಾ ಅದರ ಆಸುಪಾಸಿನಲ್ಲೇ ಮಣ್ಣು, ಜಲ್ಲಿ, ಗಿಡ, ಬಿಸಿಲು ಮತ್ತು ಸೂಕ್ಷ್ಮಜೀವಿಗಳ ನೆರವಿನಿಂದ ಹದಗೊಳಿಸುವ ವಿಧಾನಗಳು ಇಲ್ಲಿ ಮುಖ್ಯವಾಗುತ್ತವೆ. ನಗರದ ಘಟಕವನ್ನೇ ಚಿಕ್ಕದಾಗಿ ಕಟ್ಟಿದರೆ ಅದು ಗ್ರಾಮೀಣ ಘಟಕವಾಗುವುದಿಲ್ಲ. ಎರಡರ ಲೆಕ್ಕಾಚಾರವೇ ಬೇರೆ.

ಪರಿಭಾಷೆ

ಸ್ನಾನ, ಬಟ್ಟೆ ಒಗೆತ, ಪಾತ್ರೆ ತೊಳೆತ ಮತ್ತು ಅಡುಗೆಮನೆಯ ಕೆಲಸಗಳಿಂದ ಬರುವ, ಮಲಮೂತ್ರ ಸೇರದ ನೀರಿಗೆ ಬೂದು ನೀರು ಎಂಬ ಹೆಸರು ಸರ್ಕಾರಿ ದಾಖಲೆಗಳಲ್ಲಿ ನೆಲೆಗೊಂಡಿದೆ. ಆಡುಮಾತಿನಲ್ಲಿ ಇದು ಬಚ್ಚಲು ನೀರು. ಶೌಚಾಲಯದಿಂದ ಬರುವ, ಮಲಮೂತ್ರ ಬೆರೆತ ನೀರು ಕಪ್ಪು ನೀರು. ಶೌಚಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ತಳದಲ್ಲಿ ಶೇಖರವಾಗುವ ಅರೆಗಟ್ಟಿ ಪದಾರ್ಥ ಮಲಕೆಸರು. ಇಂಗುಗುಂಡಿ ಎಂದರೆ ನೀರು ಸುತ್ತಲಿನ ಮಣ್ಣಿಗೆ ಇಳಿಯುವಂತೆ ತೋಡಿ ಕಲ್ಲು ತುಂಬಿದ ಗುಂಡಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಇದನ್ನೇ ಬಚ್ಚಲುಗುಂಡಿ ಎನ್ನುತ್ತಾರೆ.

ನೀರಿನ ಮಾಲಿನ್ಯವನ್ನು ಅಳೆಯುವ ಪ್ರಮುಖ ಮಾನ ಜೈವಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿಒಡಿ. ನೀರಿನಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣವನ್ನು ಇದು ಸೂಚಿಸುತ್ತದೆ. ಭಾರತದಲ್ಲಿ ಇದನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 3 ದಿನ ಇರಿಸಿ ಅಳೆಯುವುದು ವಾಡಿಕೆ. ಮಲದ ಅಂಶ ಎಷ್ಟಿದೆಯೆಂಬುದನ್ನು 100 ಮಿಲಿಲೀಟರ್ ನೀರಿನಲ್ಲಿರುವ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆಯಿಂದ ತಿಳಿಯಲಾಗುತ್ತದೆ.

ಪ್ರಮಾಣ ಮತ್ತು ಗುಣ

ಮನೆಗೆ ಪೂರೈಕೆಯಾದ ನೀರಿನಲ್ಲಿ ಸುಮಾರು ಶೇ. 80ರಷ್ಟು ತ್ಯಾಜ್ಯನೀರಾಗಿ ಹೊರಬರುತ್ತದೆಂದು ವಿನ್ಯಾಸದಲ್ಲಿ ಎಣಿಸುತ್ತಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಗ್ರಾಮೀಣ ನಿವಾಸಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿಯಿಟ್ಟುಕೊಂಡಿದೆ. ಈ ಗುರಿ ಪೂರ್ಣವಾಗಿ ಈಡೇರಿದ 1,500 ಜನರ ಹಳ್ಳಿಗೆ ದಿನವೂ 82,500 ಲೀಟರ್ ನೀರು ಬಂದು, ಅದರಲ್ಲಿ ಸುಮಾರು 66,000 ಲೀಟರ್ ಬೀದಿಗೋ ಗುಂಡಿಗೋ ಹರಿಯುತ್ತದೆ. ಬಾವಿಯಿಂದ ಸೇದಿ, ಕೈಪಂಪಿನಿಂದ ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲು ನೀರು ಹಿತ್ತಲಿನ ಬಾಳೆ, ತೆಂಗು, ಬಸಳೆಗಳ ಬುಡದಲ್ಲೇ ಮುಗಿದುಹೋಗುತ್ತಿತ್ತು. ನಲ್ಲಿ ಬಂದ ಮೇಲೆ ಹರಿವು ಹೆಚ್ಚಿತು, ಆದರೆ ಮನೆಗಳ ಪಾಲಾಗಿ ಹಿತ್ತಲು ಕಿರಿದಾಯಿತು. ಇಂದಿನ ಗ್ರಾಮೀಣ ಸಮಸ್ಯೆಯ ಮೂಲದಲ್ಲಿ ಈ ಎರಡು ಬದಲಾವಣೆಗಳಿವೆ.

ಎರಡು ಬಗೆಯ ನೀರಿನಲ್ಲಿ ಬೂದು ನೀರಿನ ಪ್ರಮಾಣ ಹೆಚ್ಚು, ಅಪಾಯ ಕಡಿಮೆ. ಅದರಲ್ಲಿ ಸಾಬೂನು, ಎಣ್ಣೆ ಜಿಡ್ಡು, ಅನ್ನದ ಅಗುಳು, ಕೂದಲು, ಮಣ್ಣು ಇರುತ್ತವೆ. ಕಪ್ಪು ನೀರಿನ ಪ್ರಮಾಣ ಕಡಿಮೆಯಾದರೂ ಕಾಲರಾ, ಟೈಫಾಯ್ಡ್, ಆಮಶಂಕೆಗಳ ರೋಗಾಣುಗಳೂ ಜಂತುಹುಳು ಮತ್ತು ಕೊಕ್ಕೆಹುಳುಗಳ ಮೊಟ್ಟೆಗಳೂ ಅದರಲ್ಲೇ ಇರುತ್ತವೆ. ಇವೆರಡನ್ನು ಬೆರೆಸಿದರೆ ದೊರೆಯುವುದು ಹೆಚ್ಚು ಪ್ರಮಾಣದ, ಹೆಚ್ಚು ಅಪಾಯದ ನೀರು. ಮೂಲದಲ್ಲೇ ಬೇರ್ಪಡಿಸುವುದನ್ನು ಗ್ರಾಮೀಣ ಸಂಸ್ಕರಣೆಯ ಮೊದಲ ನಿಯಮವಾಗಿ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ.

ಚರಿತ್ರೆ

ಬಳಸಿದ ನೀರನ್ನು ಕ್ರಮಬದ್ಧವಾಗಿ ಸಾಗಿಸುವ ಅತಿ ಹಳೆಯ ಉದಾಹರಣೆಗಳಲ್ಲಿ ಕೆಲವು ಭಾರತ ಉಪಖಂಡದಲ್ಲೇ ಸಿಗುತ್ತವೆ. ಕ್ರಿ.ಪೂ. ಮೂರನೆಯ ಸಹಸ್ರಮಾನದ ಮೊಹೆಂಜೊದಾರೊ, ಲೋಥಲ್ ಮುಂತಾದ ನೆಲೆಗಳಲ್ಲಿ ಇಟ್ಟಿಗೆಯ ಸ್ನಾನಕಟ್ಟೆ, ಹಲಗೆಗಲ್ಲು ಅಥವಾ ಇಟ್ಟಿಗೆ ಮುಚ್ಚಿದ ಚರಂಡಿ ಮತ್ತು ಚರಂಡಿಯ ನಡುನಡುವೆ ಕಸರು ತಂಗುವ ಗುಂಡಿಗಳಿದ್ದವು.

ಆಧುನಿಕ ವಿಧಾನಗಳಲ್ಲಿ ಸಣ್ಣ ವಸತಿಗಳಿಗೆ ಹೆಚ್ಚು ಒಗ್ಗಿದ ಸೆಪ್ಟಿಕ್ ಟ್ಯಾಂಕಿನ ಮೂಲ ರೂಪವನ್ನು 1860ರ ಸುಮಾರಿಗೆ ಫ್ರಾನ್ಸಿನ ಝಾನ್-ಲೂಯಿ ಮುರಾಸ್ ರೂಪಿಸಿ 1881ರಲ್ಲಿ ಹಕ್ಕುಪತ್ರ ಪಡೆದರು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ 1895ರ ಸುಮಾರಿಗೆ ಡೊನಾಲ್ಡ್ ಕ್ಯಾಮರಾನ್ ಅದನ್ನು ಸುಧಾರಿಸಿ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರನ್ನು ರೂಢಿಗೆ ತಂದರು. ಕೆಸರು ಕೊಳೆಯುವ ಕೋಣೆಯನ್ನು ನೀರು ತಿಳಿಯಾಗುವ ಕೋಣೆಯ ಕೆಳಗಿರಿಸಿದ ಎರಡಂತಸ್ತಿನ ತೊಟ್ಟಿಯನ್ನು 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಕಾರ್ಲ್ ಇಮ್‌ಹಾಫ್ ರೂಪಿಸಿದರು. ಗಾಳಿಯೂದಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಸಕ್ರಿಯ ಕೆಸರಿನ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನ ವಿಜ್ಞಾನಿಗಳಿಂದ ಹೊರಬಂತು. ಅವರ ಪ್ರಯೋಗಗಳಿಗೆ ಪ್ರೇರಣೆ ನೀಡಿದ ಗಿಲ್ಬರ್ಟ್ ಫೌಲರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನಗರಗಳ ಚಿತ್ರವನ್ನೇ ಬದಲಿಸಿದ ಈ ವಿಧಾನ ನಿರಂತರ ವಿದ್ಯುತ್ತನ್ನು ಬೇಡುವುದರಿಂದ ಹಳ್ಳಿಗಳಿಗೆ ಅಷ್ಟಾಗಿ ಬರಲಿಲ್ಲ. ಬದಲಾಗಿ, 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಜೌಗು ಸಸ್ಯಗಳ ಮೇಲೆ ನಡೆಸಿದ ಸಂಶೋಧನೆಯಿಂದ ಬೆಳೆದುಬಂದ ಕೃತಕ ಜೌಗು ವಿಧಾನ ಸಣ್ಣ ವಸತಿಗಳಲ್ಲಿ ನೆಲೆ ಕಂಡುಕೊಂಡಿತು.

ಸ್ವತಂತ್ರ ಭಾರತದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮಗಳು ಬಹುಕಾಲ ಶೌಚಾಲಯವನ್ನೇ ಕೇಂದ್ರವಾಗಿಟ್ಟುಕೊಂಡಿದ್ದವು. 1986ರ ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ, 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2012ರ ನಿರ್ಮಲ ಭಾರತ ಅಭಿಯಾನ ಮತ್ತು 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಮಿಷನ್ ಈ ಸಾಲಿಗೆ ಸೇರುತ್ತವೆ. ಇದೇ ಅವಧಿಯಲ್ಲಿ ಕರ್ನಾಟಕದ ಸ್ವಚ್ಛ ಗ್ರಾಮ, ಸುವರ್ಣ ಗ್ರಾಮೋದಯ ಮುಂತಾದ ಯೋಜನೆಗಳಡಿ ಹಳ್ಳಿಗಳಲ್ಲಿ ಕಾಂಕ್ರೀಟ್ ರಸ್ತೆ ಮತ್ತು ಚರಂಡಿಗಳು ಬಂದವು. ಮನೆ ಮುಂದಿನ ಕೊಚ್ಚೆ ಕಣ್ಮರೆಯಾದರೂ, ಮಣ್ಣಿನ ಮೋರಿಯಲ್ಲಿ ಅಷ್ಟಿಷ್ಟು ಇಂಗುತ್ತಿದ್ದ ನೀರು ಈಗ ಕಾಂಕ್ರೀಟಿನ ಮೇಲೆ ತಡೆಯಿಲ್ಲದೆ ಹರಿದು ಊರಿನ ತಗ್ಗಿನಲ್ಲಿರುವ ಕೆರೆ, ಕಟ್ಟೆ, ಹಳ್ಳಗಳನ್ನು ಸೇರತೊಡಗಿತು.

ಸಂಸ್ಕರಣೆಯ ಹಂತಗಳು

ವಿಧಾನ ಯಾವುದಾದರೂ ಒಳಗೆ ನಡೆಯುವ ಕ್ರಿಯೆಗಳು ಕೆಲವೇ. ಮೊದಲನೆಯದು ಜರಡಿ ಮತ್ತು ತಂಗುವಿಕೆ: ಚೀಲ, ಎಲೆ, ಚಿಂದಿಗಳು ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಮರಳು ಮತ್ತು ಹೂಳು ತಳಕ್ಕಿಳಿಯುತ್ತವೆ, ಜಿಡ್ಡು ಮೇಲೆ ತೇಲುತ್ತದೆ. ಎರಡನೆಯದು ಜೈವಿಕ ಕೊಳೆತ. ಗಾಳಿಯಿರುವಲ್ಲಿ ಬ್ಯಾಕ್ಟೀರಿಯಾಗಳು ಸಾವಯವ ವಸ್ತುವನ್ನು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತವೆ. ಗಾಳಿಯಿಲ್ಲದೆಡೆ ಬೇರೆ ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ನಿಧಾನವಾಗಿ ಮಾಡಿ ಮೀಥೇನ್ ಹಾಗೂ ದುರ್ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಹೊರಬಿಡುತ್ತವೆ. ಮೂರನೆಯದು ಸೋಸುವಿಕೆ: ಮಣ್ಣಿನ ಕಣಗಳ ನಡುವೆ ಹಾಯುವಾಗ ಸೂಕ್ಷ್ಮ ಕಸರೂ ರೋಗಾಣುಗಳೂ ಕಣಗಳಿಗಂಟಿ, ಅಲ್ಲಿಯೇ ಬೆಳೆದ ಜೈವಿಕ ಪೊರೆಗೆ ಆಹಾರವಾಗುತ್ತವೆ. ನಾಲ್ಕನೆಯದು ರೋಗಾಣುಗಳ ಸಾವು. ಹಳ್ಳಿಯ ಘಟಕಗಳಲ್ಲಿ ಇದನ್ನು ಮಾಡುವುದು ಬಿಸಿಲು ಮತ್ತು ಕಾಲ. ಯಂತ್ರವಿಲ್ಲದ ವಿಧಾನಗಳಿಗೆ ಹೆಚ್ಚು ಜಾಗ ಮತ್ತು ಹೆಚ್ಚು ದಿನ ಬೇಕಾಗುವುದು ಇದರಿಂದಲೇ.

ಮನೆಮಟ್ಟದ ವಿಧಾನಗಳು

ಬಚ್ಚಲುಗುಂಡಿ ಇವುಗಳಲ್ಲಿ ಅತಿ ಸರಳ. ಐದಾರು ಜನರ ಮನೆಗೆ ಉದ್ದ, ಅಗಲ, ಆಳಗಳಲ್ಲಿ ಸುಮಾರು 1 ಮೀಟರ್ ಇರುವ ಗುಂಡಿ ತೋಡಿ, ತಳದಲ್ಲಿ ದೊಡ್ಡ ಕಲ್ಲು, ಮೇಲೆ ಮಧ್ಯಮ ಗಾತ್ರದ ಕಲ್ಲು ಅಥವಾ ಸುಟ್ಟು ಕರಕಾದ ಇಟ್ಟಿಗೆಯ ಚೂರು, ಅದರ ಮೇಲೆ ಜಲ್ಲಿ ತುಂಬುತ್ತಾರೆ. ನೀರು ಗುಂಡಿಗಿಳಿಯುವ ಮುನ್ನ ಒಂದು ಚಿಕ್ಕ ತೊಟ್ಟಿಯಲ್ಲಿ ತಂಗಿ ಜಿಡ್ಡು ಮತ್ತು ಅಗುಳನ್ನು ಅಲ್ಲಿಯೇ ಬಿಡಬೇಕು. ಈ ಪುಟ್ಟ ತೊಟ್ಟಿಯನ್ನು ಕೈಬಿಟ್ಟ ಗುಂಡಿಯ ಕಲ್ಲುಗಳ ಸಂದು ಬೇಗನೆ ಜಿಡ್ಡುಗಟ್ಟಿ ಮುಚ್ಚಿಹೋಗುತ್ತದೆ. ವಿಫಲವಾದ ಗುಂಡಿಗಳಲ್ಲಿ ಕಂಡುಬರುವ ಸಾಮಾನ್ಯ ಕೊರತೆ ಇದು. ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಚಾರಕ್ಕೆ ಬಂದ ಮಾದರಿಯಲ್ಲಿ ಗುಂಡಿಯ ಮಧ್ಯೆ ತೂತುಗಳಿರುವ ಸಿಮೆಂಟ್ ತೊಟ್ಟಿಯನ್ನು ಹೂತು, ಹೊರಗಿನಿಂದ ಮುಚ್ಚಿಬಿಡುತ್ತಾರೆ. ನೀರು ಎಲ್ಲಿಯೂ ಬಯಲಿಗೆ ಬಾರದ ಕಾರಣ ಸೊಳ್ಳೆಗೆ ಮೊಟ್ಟೆಯಿಡಲು ಜಾಗ ಸಿಗುವುದಿಲ್ಲ. ಹಿತ್ತಲು ಉಳಿದಿರುವ ಮನೆಗಳಲ್ಲಿ ಗುಂಡಿಗೆ ಬದಲಾಗಿ ನೀರನ್ನು ಕೈತೋಟಕ್ಕೆ ಹಾಯಿಸಬಹುದು. ಸದಾ ತೇವವನ್ನು ತಾಳುವ ಬಾಳೆ ಮತ್ತು ಕೆಸು ಇದಕ್ಕೆ ಹೊಂದುತ್ತವೆ.

ಕಪ್ಪು ನೀರಿಗೆ ಭಾರತದ ಗ್ರಾಮೀಣ ಕಾರ್ಯಕ್ರಮಗಳು ಶಿಫಾರಸು ಮಾಡಿರುವುದು ಅವಳಿ ಗುಂಡಿ ಶೌಚಾಲಯವನ್ನು. ಇದರಲ್ಲಿ ಕಡಿದಾದ ಇಳಿಜಾರಿನ ಬೇಸಿನ್ನಿಗೆ ಒಂದೂವರೆ-ಎರಡು ಲೀಟರ್ ನೀರು ಸುರಿದರೆ ಸಾಕು. ಕವಲೊಡೆಯುವ ಪೆಟ್ಟಿಗೆಯ ಮೂಲಕ ಮಲ ಒಂದು ಗುಂಡಿಗೆ ಹೋಗುತ್ತದೆ; ಅದು ತುಂಬಿದಾಗ ಆ ಕವಲನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ಗುಂಡಿಯ ಗೋಡೆಯಲ್ಲಿ ಬಿಟ್ಟ ಸಂದುಗಳ ಮೂಲಕ ನೀರು ಮತ್ತು ಅನಿಲ ಮಣ್ಣಿಗೆ ಸೇರಿ, ಮುಚ್ಚಿದ ಗುಂಡಿಯ ಮಲ ಒಂದೂವರೆ-ಎರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಈ ಮಾದರಿಯನ್ನು ದೇಶವ್ಯಾಪಿಯಾಗಿ ಹರಡಿದವರಲ್ಲಿ 1970ರಲ್ಲಿ ಸುಲಭ್ ಸಂಸ್ಥೆಯನ್ನು ಸ್ಥಾಪಿಸಿದ ಬಿಂದೇಶ್ವರ ಪಾಠಕ್ ಪ್ರಮುಖರು. ಎರಡು ಗುಂಡಿಗಳನ್ನೂ ಒಟ್ಟಿಗೆ ತೆರೆದಿಟ್ಟರೆ, ಅಥವಾ ಬಚ್ಚಲು ನೀರನ್ನೂ ಇದಕ್ಕೇ ಬಿಟ್ಟರೆ ಇಡೀ ತತ್ತ್ವವೇ ಕೆಡುತ್ತದೆ. ಸಿಮೆಂಟ್ ರಿಂಗ್ ಇಳಿಸಿದ ಒಂಟಿ ಗುಂಡಿಯ ಶೌಚಾಲಯಗಳೂ ಬಹಳವಿದ್ದು, ಅವು ತುಂಬಿದಾಗ ಹಸಿ ಕೆಸರನ್ನು ತೆಗೆಯುವ ಪ್ರಶ್ನೆ ಎದುರಾಗುತ್ತದೆ.

ಸೆಪ್ಟಿಕ್ ಟ್ಯಾಂಕಿನ ಅಳತೆ ಮತ್ತು ರಚನೆಯನ್ನು ಭಾರತೀಯ ಮಾನಕ 2470 ನಿಗದಿಪಡಿಸುತ್ತದೆ. ಅದರಂತೆ ಟ್ಯಾಂಕಿನ ಕನಿಷ್ಠ ಅಗಲ 75 ಸೆಂ.ಮೀ., ನೀರಿನ ಕನಿಷ್ಠ ಆಳ 1 ಮೀಟರ್, ಕನಿಷ್ಠ ಸಾಮರ್ಥ್ಯ 1,000 ಲೀಟರ್. ನೀರು ಒಂದೆರಡು ದಿನ ಒಳಗೆ ನಿಂತು ಕಸರನ್ನು ತಳಕ್ಕೆ ಬಿಡುತ್ತದೆ. ಟ್ಯಾಂಕು ತಗ್ಗಿಸುವುದು ಬಿಒಡಿಯ ಮೂರನೆಯ ಒಂದರಿಂದ ಅರ್ಧ ಭಾಗವನ್ನಷ್ಟೇ. ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುವುದರಿಂದ ಅದಕ್ಕೆ ಇಂಗುಗುಂಡಿ ಅಥವಾ ಇಂಗುಕಾಲುವೆ ಕಡ್ಡಾಯ. ಈ ಎರಡನೆಯ ಭಾಗವನ್ನು ಬಿಟ್ಟು ಟ್ಯಾಂಕಿನ ಹೊರಕೊಳವೆಯನ್ನು ನೇರವಾಗಿ ಬೀದಿಯ ಚರಂಡಿಗೆ ಕೂಡಿಸುವ ವಾಡಿಕೆ ದೊಡ್ಡ ಹಳ್ಳಿಗಳಲ್ಲಿ ಹಬ್ಬಿದೆ. ಆಗ ಚರಂಡಿಯಲ್ಲಿರುವುದು ಹೆಸರಿಗಷ್ಟೇ ಬೂದು ನೀರು.

ಸಮುದಾಯ ಮಟ್ಟದ ವಿಧಾನಗಳು

ಮನೆಗಳು ಒತ್ತಾಗಿರುವ ಊರುಗಳಲ್ಲಿ ನೀರನ್ನು ಚರಂಡಿಯಿಂದ ಊರಾಚೆಗೆ ಒಯ್ದು ಒಟ್ಟಾಗಿ ಸಂಸ್ಕರಿಸಬೇಕಾಗುತ್ತದೆ. ಘನವಸ್ತುವನ್ನು ಮನೆಯ ಬಳಿಯ ತೊಟ್ಟಿಯಲ್ಲೇ ತಡೆದು, ತಿಳಿನೀರನ್ನು ಮಾತ್ರ ಸಣ್ಣ ವ್ಯಾಸದ ಕೊಳವೆಯಲ್ಲಿ ಕಳುಹಿಸುವ ಪದ್ಧತಿ ನಗರದ ಒಳಚರಂಡಿಗಿಂತ ಅಗ್ಗ.

ಸ್ಥಿರೀಕರಣ ಕೊಳಗಳು ಈ ವರ್ಗದಲ್ಲಿ ಹೆಚ್ಚು ಪರೀಕ್ಷಿತವಾದ ವಿಧಾನ. ನೀರು ಸಾಲಾಗಿರುವ ಮೂರು ಬಗೆಯ ಕೊಳಗಳನ್ನು ಹಾದುಹೋಗುತ್ತದೆ. ಮೊದಲನೆಯದು 2ರಿಂದ 5 ಮೀಟರ್ ಆಳದ, ಗಾಳಿಯಾಡದ ಕೊಳ. ಕಸರು ಇಲ್ಲಿ ತಂಗಿ ಕೊಳೆಯುತ್ತದೆ. ಎರಡನೆಯದು 1ರಿಂದ 2 ಮೀಟರ್ ಆಳದ್ದು. ಅದರ ಮೇಲ್ಪದರದಲ್ಲಿ ಪಾಚಿ ಬೆಳೆದು ಬಿಸಿಲಿನಲ್ಲಿ ಆಮ್ಲಜನಕ ಬಿಡುಗಡೆ ಮಾಡುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಬಳಸಿಕೊಳ್ಳುತ್ತವೆ. ಮೂರನೆಯದು ಆಳವಿಲ್ಲದ ಮಾಗುವ ಕೊಳ; ಬಿಸಿಲಿನ ಅತಿನೇರಳೆ ಕಿರಣಗಳು ನೀರಿನೊಳಗೆ ಇಳಿದು ರೋಗಾಣುಗಳನ್ನು ಕೊಲ್ಲುತ್ತವೆ. ಜಂತುಹುಳುವಿನ ಮೊಟ್ಟೆಗಳನ್ನು ವಿದ್ಯುತ್ತಿಲ್ಲದೆ ವಿಶ್ವಾಸಾರ್ಹವಾಗಿ ತೆಗೆಯುವ ವಿಧಾನಗಳಲ್ಲಿ ಇದು ಮುಂದಿದೆ. ಒಬ್ಬೊಬ್ಬ ನಿವಾಸಿಗೂ ಕೆಲವು ಚದರ ಮೀಟರ್ ನೆಲ ಬೇಕಾಗುವುದು ಇದರ ಮಿತಿ. ಪಂಜಾಬಿನಲ್ಲಿ ಬಲಬೀರ್ ಸಿಂಗ್ ಸೀಚೇವಾಲ್ ಅವರ ಹೆಸರಿನಿಂದ ಪರಿಚಿತವಾದ ಮಾದರಿ ಕೊಳ ಪದ್ಧತಿಯ ಒಂದು ದೇಶೀಯ ರೂಪ. ಅಲ್ಲಿ ಹಳ್ಳಿಯ ನೀರು ಮೊದಲು ಕಸರು ಮತ್ತು ಜಿಡ್ಡನ್ನು ಬೇರ್ಪಡಿಸುವ ಬಾವಿಗಳಲ್ಲಿ ತಂಗಿ, ಬಳಿಕ ಊರಿನ ಕೊಳ ಸೇರಿ, ಅಲ್ಲಿಂದ ಹೊಲಗಳಿಗೆ ಪಂಪಾಗುತ್ತದೆ.

ಕೃತಕ ಜೌಗು ಎಂದರೆ ಜಲ್ಲಿ ಅಥವಾ ಮರಳು ತುಂಬಿದ, ನೀರು ಸೋರದ ತಳವಿರುವ ಹಾಸಿಗೆ. ಸಾಮಾನ್ಯವಾಗಿ 60 ಸೆಂ.ಮೀ. ಆಸುಪಾಸಿನ ಆಳವಿರುವ ಈ ಹಾಸಿಗೆಯಲ್ಲಿ ಆಪು, ಜೊಂಡು, ಕಾಬಾಳೆಯಂಥ ಗಿಡಗಳನ್ನು ನೆಟ್ಟು, ನೀರು ಮೇಲ್ಮೈಗೆ ಬಾರದೆ ಜಲ್ಲಿಯೊಳಗೇ ಅಡ್ಡಲಾಗಿ ಅಥವಾ ಮೇಲಿನಿಂದ ಕೆಳಕ್ಕೆ ಹರಿಯುವಂತೆ ಮಾಡುತ್ತಾರೆ. ಗಿಡಗಳೇ ನೀರನ್ನು ಶುದ್ಧಗೊಳಿಸುತ್ತವೆಂಬ ಭಾವನೆ ಸಾಮಾನ್ಯವಾದರೂ, ಹೆಚ್ಚಿನ ಕೆಲಸ ನಡೆಯುವುದು ಜಲ್ಲಿ ಮತ್ತು ಬೇರುಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾ ಪೊರೆಯಲ್ಲಿ. ಬೇರುಗಳು ಹಾಸಿಗೆಯನ್ನು ಸಡಿಲವಾಗಿರಿಸಿ ಅಲ್ಪಸ್ವಲ್ಪ ಗಾಳಿಯನ್ನೂ ಒಯ್ಯುತ್ತವೆ. ಮುಂಚಿತವಾಗಿ ತಂಗುತೊಟ್ಟಿ ಇಲ್ಲದಿದ್ದರೆ ಜಲ್ಲಿ ಕಟ್ಟಿಕೊಳ್ಳುತ್ತದೆ. ಗಿಡಗಳನ್ನು ಕಾಲಕಾಲಕ್ಕೆ ಕೊಯ್ಯಬೇಕಾಗುತ್ತದೆ.

ತಂಗುತೊಟ್ಟಿ, ಅಡ್ಡಗೋಡೆಗಳ ಗಾಳಿರಹಿತ ತೊಟ್ಟಿ, ಸಸ್ಯಗಳಿರುವ ಜಲ್ಲಿ ಹಾಸಿಗೆ ಮತ್ತು ಮಾಗುವ ಕೊಳ ಇವನ್ನು ಒಂದರ ಮುಂದೊಂದು ಜೋಡಿಸಿದ ವಿಕೇಂದ್ರಿತ ವ್ಯವಸ್ಥೆಯನ್ನು ಡಿವ್ಯಾಟ್ಸ್ ಎನ್ನುತ್ತಾರೆ. ಜರ್ಮನಿಯ ಬ್ರೆಮೆನ್ ಮೂಲದ ಬೋರ್ಡಾ ಸಂಸ್ಥೆ ಮತ್ತು ಅದರ ಸಹವರ್ತಿಗಳು ರೂಪಿಸಿದ ಇದನ್ನು ಭಾರತದಲ್ಲಿ ಹರಡುವಲ್ಲಿ ಬೆಂಗಳೂರಿನ ಸಿಡಿಡಿ ಸೊಸೈಟಿಯ ಪಾತ್ರ ದೊಡ್ಡದು. ಅಡ್ಡಗೋಡೆಗಳ ತೊಟ್ಟಿಯಲ್ಲಿ ನೀರು ಪ್ರತಿ ಕೋಣೆಯಲ್ಲೂ ತಳದಿಂದ ಮೇಲಕ್ಕೇರಬೇಕಾಗುವುದರಿಂದ ಅಲ್ಲಿ ನೆಲೆಸಿದ ಕೆಸರಿನೊಡನೆ ಮತ್ತೆ ಮತ್ತೆ ಸಂಪರ್ಕಕ್ಕೆ ಬರುತ್ತದೆ. ಇಳಿಜಾರು ಸಿಕ್ಕಿದರೆ ಇಡೀ ವ್ಯವಸ್ಥೆಗೆ ಪಂಪು ಬೇಕಿಲ್ಲ.

ನೆಲ ಮತ್ತು ವಿಧಾನದ ಆಯ್ಕೆ

ಇಂಗುವ ವಿಧಾನಗಳ ಯಶಸ್ಸು ಮಣ್ಣನ್ನು ಅವಲಂಬಿಸಿದೆ. ಶೌಚಗುಂಡಿಗಳ ವಿನ್ಯಾಸಕ್ಕೆ ಬಳಸುವ ದೀರ್ಘಕಾಲೀನ ಇಂಗುದರ ಮರಳಿನಲ್ಲಿ ಚದರ ಮೀಟರಿಗೆ ದಿನಕ್ಕೆ 50 ಲೀಟರ್, ಮರಳುಮಿಶ್ರಿತ ಗೋಡುಮಣ್ಣಿನಲ್ಲಿ 30, ಸಡಿಲವಾದ ನಯಮಣ್ಣಿನಲ್ಲಿ 20, ಗಟ್ಟಿ ಜೇಡಿಯಲ್ಲಿ 10. ಒಂದು ಮೀಟರ್ ಘನದ ಗುಂಡಿಯ ನಾಲ್ಕು ಗೋಡೆಗಳ ಒಟ್ಟು ವಿಸ್ತಾರ 4 ಚದರ ಮೀಟರ್. ಅದು ಮರಳಿನಲ್ಲಿ ದಿನಕ್ಕೆ 200 ಲೀಟರ್ ನೀರನ್ನು, ಅಂದರೆ ಸುಮಾರು ನಾಲ್ಕೈದು ಜನರು ಬಳಸಿದ ನೀರನ್ನು ಹೀರಿಕೊಂಡರೆ, ಜೇಡಿಯಲ್ಲಿ ಹೀರಿಕೊಳ್ಳುವುದು ಬರೀ 40 ಲೀಟರ್. ಒಂದೇ ನಕ್ಷೆ, ಒಂದೇ ಅಂದಾಜುಪಟ್ಟಿಯ ಗುಂಡಿ ಒಂದು ತಾಲ್ಲೂಕಿನಲ್ಲಿ ನಡೆದು ಇನ್ನೊಂದರಲ್ಲಿ ಉಕ್ಕುವುದಕ್ಕೆ ಈ ವ್ಯತ್ಯಾಸವೇ ವಿವರಣೆ.

ಕರ್ನಾಟಕದೊಳಗೇ ಈ ಭಿನ್ನತೆ ಎದ್ದು ಕಾಣುತ್ತದೆ. ದಕ್ಷಿಣದ ಮೈದಾನದ ಕೆಂಪು ಮಣ್ಣಿನಲ್ಲಿ ಬಚ್ಚಲುಗುಂಡಿಗಳು ಸಾಮಾನ್ಯವಾಗಿ ಸಮರ್ಪಕವಾಗಿ ಕೆಲಸ ಮಾಡುತ್ತವೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳ ಎರೆಭೂಮಿ ತೇವ ಸಿಕ್ಕಿದೊಡನೆ ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ಅಲ್ಲಿ ಮನೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದು ಗುಂಡಿ ತೋಡಲು ಅಂಗಳವಿಲ್ಲ. ಇಂಥ ಊರುಗಳಿಗೆ ಚರಂಡಿ ಹಾಗೂ ಊರಾಚೆಯ ಕೊಳ ಅಥವಾ ಜೌಗು ಹಾಸಿಗೆ ಹೆಚ್ಚು ತಕ್ಕುದು. ಮಲೆನಾಡು ಮತ್ತು ಕರಾವಳಿಯಲ್ಲಿ ಮನೆಗಳು ತೋಟಗಳ ನಡುವೆ ಚದುರಿರುವುದರಿಂದ ಕೊಳವೆಜಾಲಕ್ಕೆ ಅರ್ಥವಿಲ್ಲ. ಬಚ್ಚಲು ನೀರು ಅಡಿಕೆ, ತೆಂಗಿನ ಬುಡಕ್ಕೆ ಹೋಗುತ್ತದೆ. ಅಲ್ಲಿನ ತೊಡಕು ಬೇರೆ ಬಗೆಯದು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಸೋಸದೆಯೇ ಬೇಗ ಇಳಿದುಹೋಗುತ್ತದೆ, ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳದವರೆಗೆ ಏರುತ್ತದೆ, ಮನೆಮನೆಗೂ ಬಾವಿಯಿರುತ್ತದೆ. ಗುಂಡಿಗೂ ಬಾವಿಗೂ ಸಾಮಾನ್ಯವಾಗಿ ಕನಿಷ್ಠ 10 ಮೀಟರ್ ಅಂತರ ಇರಬೇಕು ಮತ್ತು ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಸುಮಾರು 2 ಮೀಟರ್ ಮೇಲಿರಬೇಕು ಎಂಬ ನಿಯಮದ ಪಾಲನೆ ಸಣ್ಣ ನಿವೇಶನಗಳಲ್ಲಿ ಕಠಿಣ.

ಮಲಕೆಸರಿನ ನಿರ್ವಹಣೆ

ಸೆಪ್ಟಿಕ್ ಟ್ಯಾಂಕಿನ ಕೆಸರನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಯಬೇಕು. ರೂಢಿಯಲ್ಲಿ ಟ್ಯಾಂಕು ಉಕ್ಕುವವರೆಗೂ ಯಾರೂ ಅತ್ತ ನೋಡುವುದಿಲ್ಲ. ಆ ಹೊತ್ತಿಗೆ ತಾಲ್ಲೂಕು ಕೇಂದ್ರದಿಂದ ಸಕ್ಕಿಂಗ್ ಯಂತ್ರದ ವಾಹನವನ್ನು ಕರೆಸಲಾಗುತ್ತದೆ. ಅದು ಹೀರಿದ ಕೆಸರು ಸಂಸ್ಕರಣಾ ಘಟಕ ದೂರವಿದ್ದಾಗ ಹಳ್ಳ, ಹೊಲ ಅಥವಾ ರಸ್ತೆಬದಿಯ ತಗ್ಗು ಸೇರುವುದುಂಟು.

ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಒಳಗಿಳಿದವರ ಪ್ರಾಣವನ್ನು ಕ್ಷಣಗಳಲ್ಲಿ ತೆಗೆಯಬಲ್ಲವು. ಮನುಷ್ಯರಿಂದ ಮಲ ತೆಗೆಸುವುದನ್ನೂ ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ಇಳಿಸುವುದನ್ನೂ 2013ರ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ ಶಿಕ್ಷಾರ್ಹಗೊಳಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಈ ಕೆಲಸ ಇಂದಿಗೂ ಹೆಚ್ಚಾಗಿ ಪರಿಶಿಷ್ಟ ಜಾತಿಗಳ ಕಾರ್ಮಿಕರ ಮೇಲೆ ಬೀಳುತ್ತಿರುವುದರಿಂದ ಕೆಸರಿನ ನಿರ್ವಹಣೆಯನ್ನು ಬರೀ ಎಂಜಿನಿಯರಿಂಗ್ ವಿಷಯವಾಗಿ ವಿವರಿಸಲಾಗದು.

ಕೆಸರಿನ ಸಂಸ್ಕರಣೆಯಲ್ಲಿ ಮೊದಲು ನೀರನ್ನೂ ಘನವನ್ನೂ ಬೇರ್ಪಡಿಸಿ, ಘನವನ್ನು ಮರಳಿನ ಒಣಗುಹಾಸಿಗೆಗಳ ಮೇಲೆ ಹರಡಿ, ಒಣಗಿದ್ದನ್ನು ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿದ ಘಟಕ, ಪಟ್ಟಣವೊಂದರ ಮಲಕೆಸರಿಗೆಂದೇ ನಿರ್ಮಿಸಿದ ದೇಶದ ಮೊದಲ ಘಟಕವೆಂದು ಹೆಸರಾಗಿದೆ. ಸಣ್ಣ ಹಳ್ಳಿಯೊಂದು ಇಂಥದ್ದನ್ನು ತಾನೊಂದೇ ನಡೆಸಲಾರದು. ಹಲವು ಪಂಚಾಯಿತಿಗಳಿಗೆ ಒಂದು ಘಟಕ ಕಟ್ಟುವುದು ಅಥವಾ ಹತ್ತಿರದ ಪಟ್ಟಣದ ಘಟಕಕ್ಕೆ ಜೋಡಿಸಿಕೊಳ್ಳುವುದು ಸ್ವಚ್ಛ ಭಾರತ ಮಿಷನ್ನಿನ ಎರಡನೆಯ ಹಂತದ ನೀತಿ.

ಮರುಬಳಕೆ ಮತ್ತು ಆರೋಗ್ಯ

ಸಂಸ್ಕರಿತ ನೀರಿನ ಸಹಜ ಬಳಕೆ ಕೃಷಿ. ಅದರಲ್ಲಿರುವ ಸಾರಜನಕ ಮತ್ತು ರಂಜಕ ಬೆಳೆಗೆ ಪೋಷಕಾಂಶ. ಕೆರೆಗೆ ಹೋದರೆ ಅವೇ ಪಾಚಿ ಮತ್ತು ಅಂತರಗಂಗೆಯ ಹಾವಳಿಗೆ ಕಾರಣ. ಕೃಷಿಬಳಕೆಗೆ ವಿಶ್ವ ಆರೋಗ್ಯ ಸಂಸ್ಥೆಯ 1989ರ ಮಾರ್ಗಸೂಚಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಮೊಟ್ಟೆ ಇರಬಾರದೆಂದೂ, ಹಸಿಯಾಗಿ ತಿನ್ನುವ ಬೆಳೆಗಳಿಗಾದರೆ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ 1,000 ಮೀರಬಾರದೆಂದೂ ಹೇಳಿತ್ತು. 2006ರ ಪರಿಷ್ಕರಣೆಯಲ್ಲಿ ನೀರಿನ ಗುಣದ ಜೊತೆಗೆ ಬೆಳೆಯ ಬಗೆ, ನೀರುಣಿಸುವ ರೀತಿ, ತೊಳೆದು ಬೇಯಿಸುವ ರೂಢಿ ಎಲ್ಲವನ್ನೂ ಸೇರಿಸಿ ಅಪಾಯವನ್ನು ಅಳೆಯುವ ಕ್ರಮ ಬಂತು. ಸೊಪ್ಪು, ಸೌತೆ, ಕ್ಯಾರೆಟ್ಟುಗಳಿಗಿಂತ ಮೇವಿನ ಹುಲ್ಲು, ಹಿಪ್ಪುನೇರಳೆ, ತೆಂಗು ಸುರಕ್ಷಿತ ಆಯ್ಕೆಗಳು. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಹರಿಯುತ್ತಿರುವುದು ಬೆಂಗಳೂರು ನಗರದ ಸಂಸ್ಕರಿತ ನೀರು. ಗ್ರಾಮೀಣ ಕೆರೆಗಳಿಗೆ ಸಂಬಂಧಿಸಿದರೂ ಅದು ಈ ಲೇಖನದ ವ್ಯಾಪ್ತಿಯ ಗ್ರಾಮೀಣ ಸಂಸ್ಕರಣೆಯಲ್ಲ.

ನಿಂತ ಕೊಳಚೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಆನೆಕಾಲು ರೋಗದ ವಾಹಕ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳು ಈ ರೋಗ ಬೇರೂರಿದ ಪ್ರದೇಶಗಳಾಗಿ ಗುರುತಾಗಿವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮುಖ್ಯವಾಗಿ ತಿಳಿನೀರಿನಲ್ಲಿ ಮೊಟ್ಟೆಯಿಡುವುದರಿಂದ, ಚರಂಡಿ ಸರಿಪಡಿಸಿದರೆ ಡೆಂಗಿ ಹೋಗುತ್ತದೆಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ. ಶೌಚಗುಂಡಿಗಳಿಂದ ಅಂತರ್ಜಲಕ್ಕಿಳಿಯುವ ನೈಟ್ರೇಟ್ ಇನ್ನೊಂದು ಅಪಾಯ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದನ್ನು ಮೀರಿದ ನೀರು ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ.

ಆಡಳಿತ ಮತ್ತು ಹಣಕಾಸು

1992ರ ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ನೈರ್ಮಲ್ಯ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯ. ಸ್ವಚ್ಛ ಭಾರತ ಮಿಷನ್ನಿನ ಎರಡನೆಯ ಹಂತ 2020ರಲ್ಲಿ ಆರಂಭವಾದಾಗ ದ್ರವತ್ಯಾಜ್ಯಕ್ಕೆ ಪ್ರತ್ಯೇಕ ಹಣ ನಿಗದಿಯಾಯಿತು: 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ಬೂದು ನೀರಿನ ನಿರ್ವಹಣೆಗಾಗಿ ತಲಾ 280 ರೂಪಾಯಿಯವರೆಗೆ, ಅದಕ್ಕಿಂತ ದೊಡ್ಡ ಹಳ್ಳಿಗೆ ತಲಾ 660 ರೂಪಾಯಿಯವರೆಗೆ. ಇದರಲ್ಲಿ ಶೇ. 30 ಭಾಗವನ್ನು ಪಂಚಾಯಿತಿಗಳು 15ನೆಯ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಿತ್ತು. 1,500 ಜನರ ಹಳ್ಳಿಗೆ ಈ ಲೆಕ್ಕದಲ್ಲಿ ದೊರೆಯುವುದು ಹೆಚ್ಚೆಂದರೆ 4.2 ಲಕ್ಷ ರೂಪಾಯಿ. ಇಂಗುಗುಂಡಿ, ಕೊಳಗಳಂಥ ಸರಳ ವಿಧಾನಗಳತ್ತ ಒಲವು ಮೂಡಲು ಈ ಮಿತಿಯೂ ಒಂದು ಕಾರಣ. ಮನೆಗಳ ಬಚ್ಚಲುಗುಂಡಿಗಳನ್ನು ಕರ್ನಾಟಕದಲ್ಲಿ ಹೆಚ್ಚಾಗಿ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ತೋಡಲಾಗಿದೆ. 2021ರ ಆಗಸ್ಟಿನಲ್ಲಿ ದೇಶದಾದ್ಯಂತ ಆರಂಭವಾದ ಸುಜಲಾಂ ಅಭಿಯಾನ 100 ದಿನಗಳಲ್ಲಿ 10 ಲಕ್ಷ ಇಂಗುಗುಂಡಿಗಳ ಗುರಿ ಹಾಕಿಕೊಂಡಿತ್ತು.

ಸಂಸ್ಕರಿತ ನೀರನ್ನು ಹೊರಬಿಡುವ ಮಿತಿಗಳನ್ನು ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅದರಂತೆ ಮಹಾನಗರಗಳ ಹೊರಗಿನ ಪ್ರದೇಶಗಳಲ್ಲಿ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಹಸಿ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ 200ರಿಂದ 300ರಷ್ಟಿರುತ್ತದೆ.

ಇತರ ದೇಶಗಳಲ್ಲಿ

ಜಪಾನಿನಲ್ಲಿ ಕೊಳವೆಜಾಲವಿಲ್ಲದ ಊರುಗಳ ಮನೆಗಳು ಜೋಕಾಸೋ ಎಂಬ ಸಿದ್ಧ ಸಂಸ್ಕರಣಾ ತೊಟ್ಟಿಯನ್ನು ಅಳವಡಿಸಿಕೊಳ್ಳುತ್ತವೆ. 1983ರ ವಿಶೇಷ ಕಾಯ್ದೆ ಅದರ ತಯಾರಿಕೆ, ಅಳವಡಿಕೆ, ತಪಾಸಣೆ ಮತ್ತು ಕೆಸರು ತೆರವನ್ನು ನಿಯಂತ್ರಿಸಿ ಪ್ರತಿಯೊಂದಕ್ಕೂ ಅರ್ಹತೆ ಪಡೆದ ಸಿಬ್ಬಂದಿಯನ್ನು ಕಡ್ಡಾಯಗೊಳಿಸಿದೆ. ಫ್ರಾನ್ಸಿನ ಸಣ್ಣ ಹಳ್ಳಿಗಳಲ್ಲಿ ಹಸಿ ಕೊಳಚೆಯನ್ನೇ ನೇರವಾಗಿ ಜೊಂಡಿನ ಹಾಸಿಗೆಗಳಿಗೆ ಸರದಿಯಂತೆ ಬಿಡುವ ಎರಡು ಹಂತದ ವಿಧಾನ ವ್ಯಾಪಕ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ಐದರಲ್ಲಿ ಒಂದು ಮನೆ ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಕಾಲುವೆಗಳನ್ನೇ ಅವಲಂಬಿಸಿದೆ.

ಪ್ರಸ್ತುತ ಸ್ಥಿತಿ

ಭಾರತದ ಹಳ್ಳಿಗಳನ್ನು ಈಗ ಬಯಲು ಶೌಚಮುಕ್ತ ಪ್ಲಸ್ ಯೋಜನೆಯಡಿ ಆಕಾಂಕ್ಷಿ, ಉದಯೋನ್ಮುಖ ಮತ್ತು ಮಾದರಿ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಲಾಗುತ್ತದೆ. ಮಾದರಿ ದರ್ಜೆಗೆ ಘನ ಮತ್ತು ದ್ರವ ತ್ಯಾಜ್ಯಗಳೆರಡರ ವ್ಯವಸ್ಥೆಯೂ ಇರಬೇಕು. ಊರಿನಲ್ಲಿ ಕಸ ಮತ್ತು ನಿಂತ ಕೊಳಚೆ ಕಣ್ಣಿಗೆ ಬೀಳುವಷ್ಟು ಇರಬಾರದು. ಈ ಅಳತೆಗೋಲು ಕಣ್ಣಿಗೆ ಕಾಣುವುದನ್ನು ಆಧರಿಸಿದೆ. ಗುಂಡಿಯ ಸುತ್ತಲಿನ ಬಾವಿಯ ನೀರಿನ ಪರೀಕ್ಷೆ, ಕೊಳದಿಂದ ಹೊರಬರುವ ನೀರಿನ ಬಿಒಡಿ, ಟ್ಯಾಂಕಿನಿಂದ ತೆಗೆದ ಕೆಸರು ತಲುಪಿದ ಜಾಗ ಇವು ಅದರ ವ್ಯಾಪ್ತಿಗೆ ಬರುವುದಿಲ್ಲ.

ಜಲ ಜೀವನ ಮಿಷನ್ನಿನ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಗಿದ್ದು, ನಲ್ಲಿ ಸಂಪರ್ಕ ಹೆಚ್ಚಿದಂತೆ ತ್ಯಾಜ್ಯನೀರಿನ ಪ್ರಮಾಣವೂ ಹೆಚ್ಚುತ್ತದೆ. ನಿರ್ಮಾಣಕ್ಕೆ ಅನುದಾನದ ಬಾಬ್ತುಗಳಿರುವಷ್ಟು ಸ್ಪಷ್ಟವಾಗಿ ನಿರ್ವಹಣೆಗೆ ಇಲ್ಲ. ತಂಗುತೊಟ್ಟಿಯ ಜಿಡ್ಡು ಬಳಿಯುವುದು, ಜಾಲರಿಯ ಕಸ ತೆಗೆಯುವುದು, ಜೌಗು ಹಾಸಿಗೆಯ ಗಿಡ ಕೊಯ್ಯುವುದು ಮೊದಲಾದ ನಿತ್ಯದ ಕೆಲಸಗಳು ಸಾಮಾನ್ಯವಾಗಿ ಪಂಚಾಯಿತಿಯ ನೀರುಗಂಟಿ ಅಥವಾ ಸ್ವಚ್ಛತಾಗಾರರ ಪಾಲಿಗೆ, ಅವರ ಈಗಿನ ಕೆಲಸಗಳ ಜೊತೆಗೆ, ಬರುತ್ತವೆ. ಇವುಗಳ ವೆಚ್ಚವನ್ನು ಪಂಚಾಯಿತಿ ತನ್ನ ತೆರಿಗೆ ಮತ್ತು ನೀರಿನ ಕರದಿಂದ ಹೊಂದಿಸಿಕೊಳ್ಳಬೇಕಾಗುತ್ತದೆ.